ಮೇಲಿದ್ದ ಕಾಗದ

ಮಹಮ್ಮದಗೌಸ ಕರಿಬಣ್ಣದ ಶಿಲುಬೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಯಾಕೋಬ’ ಎಂದು ಬರೆದು, ‘ಪ್ಪ’ ಬರೆಯಲು ಕುಂಚವನ್ನು ಡಬ್ಬಿಗೆ ಅದ್ದಿದ್ದ. ಅಷ್ಟರಲ್ಲಿ ರೂತವ್ವ ಗಂಡನ ಹೆಣದ ಬಳಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು.

“ಗೌಸಣ್ಣಾ, ಅಷ್ಟಕ್ಕ ನಿಲ್ಲಸ್ರಿ. ಮುಂದ ಬರೀಬ್ಯಾಡ್ರಿ.”

“ಯಾಕ ಭಾಬಿ, ಅಕ್ಷರ ಸೊಟ್ಟ ಬಿದ್ದಾವೇನು?”

“ಅಕ್ಷರ ಛಲೋ ಅದಾವ. ರಾಮದುರ್ಗದಿಂದ ಬಾಯವ್ವ ಬರಲಿ, ಆಮ್ಯಾಲೆ ನೋಡೂಣು.”

ಗೌಸ ಕುಂಚವನ್ನು ಡಬ್ಬಿಯ ಅಂಚಿಗೆ ಒರಗಿಸಿದ. ಅವನಿಗೆ ಎಪ್ಪತ್ತೊಂಬತ್ತು. ಎಡಗಾಲಿನ ಮೂರು ಬೆರಳು ಎಪ್ಪತ್ತೊಂದರ ಯುದ್ಧದಲ್ಲಿ ಹೋದವು. ಕೈಬೆರಳು ಹತ್ತೂ ಉಳಿದದ್ದರಿಂದ ಊರಿಗೆ ಬಂದು ಅಪ್ಪನ ಬಡಗಿತನಕ್ಕೆ ಕೂತ. ಬೆಳಗಿನ ಆರಕ್ಕೆ ಸುದ್ದಿ ತಿಳಿದದ್ದೇ, ಮಗ ನಾಸಿರನನ್ನು ಎಬ್ಬಿಸಿ ಪೆಟ್ಟಿಗೆಗೆ ಹಲಗೆ ಕೊಯ್ಯಿಸಿದ್ದ. ಹೆಣದ ಅಳತೆ ತೆಗೆದುಕೊಳ್ಳಲು ಬಂದಿರಲಿಲ್ಲ. ಫೌಜಿನ ಭರ್ತಿಯ ಸಾಲಿನಲ್ಲಿ ಮುಂದೆ ನಿಂತವನ ಎತ್ತರ ಅವನಿಗೆ ಅರವತ್ತು ವರ್ಷದಿಂದ ಗೊತ್ತಿತ್ತು. ಈಗ ಕಿಸೆಯಿಂದ ಬೀಡಿ ತೆಗೆದ. ಯಾಕೋಬಪ್ಪ ಬೀಡಿಯ ವಾಸನೆಗೆ ಬೈಯುತ್ತಿದ್ದುದು ನೆನಪಾಗಿ ಹಾಗೇ ಒಳಗಿಟ್ಟ.

ಹವಾಲ್ದಾರ ಯಾಕೋಬಪ್ಪ ಪಡಸಾಲೆಯಲ್ಲಿ ಮಂಚದ ಮೇಲೆ ನೆಟ್ಟಗೆ ಮಲಗಿದ್ದ. ಕ್ರಿಸ್ಮಸ್ಸಿಗೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಕೋಟನ್ನೇ ಹಾಕಿದ್ದರು. ಎದೆಯ ಮೇಲೆ ಎರಡು ಪದಕ. ಬೂಟು ಮಾತ್ರ ಯಾರೂ ಪಾಲಿಶ್ ಮಾಡಬೇಕಾಗಲಿಲ್ಲ. ಪ್ರತಿ ಶನಿವಾರದಂತೆ ಮೊನ್ನೆ ಶನಿವಾರವೂ ಅವನೇ ಮಾಡಿಟ್ಟಿದ್ದ. ಬಾಗಿಲ ಮೇಲೆ ಕಾಗದದ ನಕ್ಷತ್ರ ತೂಗುತ್ತಿತ್ತು. ಬಿಚ್ಚಿಡಬೇಕೋ ಬೇಡವೋ ತಿಳಿಯದೆ ಎಲ್ಲರೂ ಅದರ ಕೆಳಗೆ ತಲೆ ತಗ್ಗಿಸಿ ಹಾಯ್ದು ಹೋಗುತ್ತಿದ್ದರು.

ಮಗ ಜಯಶೀಲ ಫೋನು ಕಿವಿಗಿಟ್ಟುಕೊಂಡೇ ಬಂದ. ಕಿತ್ತೂರಿನ ಸಾಲೆಯಲ್ಲಿ ಮಾಸ್ತರ. ಎಲ್ಲ ಕೆಲಸವೂ ಗಂಟೆ ಬಾರಿಸಿದಂತೆ ನಡೆಯಬೇಕು ಎನ್ನುವವನು.

“ಅವ್ವಾ, ನಾಕು ಗಂಟೆಕ್ಕ ಮಣ್ಣು. ಮಾಜಿ ಸೈನಿಕರ ಸಂಘದವರು ಬಾವುಟಾ ತಗೊಂಡು ಮೂರಕ್ಕ ಬರತಾರ. ಬಣ್ಣ ಒಣಗಬೇಕಲ್ಲ? ಹೆಸರು ಬರಿಯೂದಕ್ಕೂ ಅತ್ತಿ ಬರಬೇಕೇನು?”

“ಬರಬೇಕು” ಎಂದಳು ರೂತವ್ವ, ಮತ್ತೆ ಒಳಗೆ ಹೋಗಿ ಮಂಚದ ಪಕ್ಕ ಕೂತಳು.

ಹೋದ ಆಯಿತವಾರ ಆಕೆ ಗಂಡನ ಕೈಮೇಲೆ ಕೈಯಿಟ್ಟು ಒಂದು ಮಾತು ಕೊಟ್ಟಿದ್ದಳು. ಯಾಕೋಬನೆಂಬ ಹೆಸರಿನಲ್ಲಿ ಅವನನ್ನು ಮಣ್ಣು ಮಾಡಬಾರದು. ಆ ಹೆಸರು ಅವನದಲ್ಲ. ಐವತ್ತು ವರ್ಷ ಗಂಡ ಹೆಂಡತಿ ಮತ್ತು ನಾದಿನಿ ಬಾಯವ್ವ ಮೂವರೇ ಬಚ್ಚಿಟ್ಟುಕೊಂಡದ್ದನ್ನು ಈಗ ಮಗನಿಗೆ ಹೇಳಬೇಕು, ಅದೂ ನಾಲ್ಕು ಗಂಟೆಯೊಳಗೆ. ಹೇಳುವ ಧೈರ್ಯ ಆಕೆಗೆ ಸಾಲದು. ಅದಕ್ಕೇ ನಾದಿನಿಯ ದಾರಿ ಕಾಯುತ್ತಿದ್ದಳು.

*

ಆ ಮನೆಯಲ್ಲಿ ಸಂಜೆ ಏಳಕ್ಕೆ ಪ್ರಾರ್ಥನೆ. ಗೋಡೆಯ ಗಡಿಯಾರ ಹಿಂದೆ ಬೀಳಬಹುದು, ಯಾಕೋಬಪ್ಪ ಬೀಳುತ್ತಿರಲಿಲ್ಲ. ಹದಿನೆಂಟು ವರ್ಷ ಫೌಜಿನಲ್ಲಿದ್ದು ಬಂದು, ಗೌಸನ ಊರಲ್ಲೇ ಮನೆ ಮಾಡಿ, ಬೈಲಹೊಂಗಲದ ಹತ್ತಿ ಗೋದಾಮಿನಲ್ಲಿ ಕಾವಲಿಗೆ ಸೇರಿದ್ದ. ಮೈಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಬಂದವನು ಮುಖ ತೊಳೆದು, ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿ ಹಾಜರಿ ತೆಗೆದುಕೊಳ್ಳುತ್ತಿದ್ದ.

“ಜಯಶೀಲ.”

“ಹಾಜರ್.”

“ಕರುಣಾ.”

“ಹಾಜರ್.”

“ರೂತವ್ವ.”

ರೂತವ್ವ ಒಲೆಯ ಮುಂದಿನಿಂದಲೇ, “ಇಲ್ಲೇ ಅದೇನಲ್ಲರಿ, ಕಾಣಸಂಗಿಲ್ಲೇನು?” ಎನ್ನುತ್ತಿದ್ದಳು.

“ಹಂಗಲ್ಲ, ಹಾಜರ್ ಅನ್ನು. ಕಡೀ ದಿನಾ ದೇವರೂ ಹಿಂಗ ಹೆಸರು ಹಿಡದು ಕರೀತಾನ. ಆವಾಗ ರೊಟ್ಟಿ ಬಡ್ಯಾಕತ್ತೇನಿ ಅಂದ್ರ ನಡಿಯಂಗಿಲ್ಲ.”

ಮಕ್ಕಳು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಗುಡಿಯಲ್ಲಿ ಮಲಗಿದ್ದ ಹುಡುಗನನ್ನು ದೇವರು ಹೆಸರು ಹಿಡಿದು ಕರೆದು ಎಬ್ಬಿಸಿದ ಪಾಠವನ್ನು ತಿಂಗಳಿಗೊಮ್ಮೆಯಾದರೂ ಓದುತ್ತಿದ್ದ. ಓದುವಾಗ ಆ ಹುಡುಗನ ಹೆಸರು ಬಂದಲ್ಲೆಲ್ಲ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಪ್ಪನಿಗೆ ಭಕ್ತಿ ಬಹಳ ಎಂದು ಮಕ್ಕಳು ತಿಳಿದಿದ್ದರು.

ಒಂದು ಸಂಜೆ ಆರು ವರ್ಷದ ಕರುಣಾ ಕೇಳಿಬಿಟ್ಟಳು: “ಅಪ್ಪಾ, ನಮ್ಮೆಲ್ಲಾರ ಹೆಸರು ನೀ ಕರೀತಿ. ನಿನ್ನ ಹೆಸರು ಯಾರು ಕರೀತಾರ?”

ಯಾಕೋಬಪ್ಪ ಪುಸ್ತಕ ಮುಚ್ಚಿ, ಆಗಲೇ ತೊಳೆದಿದ್ದ ಮುಖವನ್ನು ಮತ್ತೆ ತೊಳೆಯಲು ಹಿತ್ತಲಿಗೆ ಹೋದ. ಅಂದು ಪ್ರಾರ್ಥನೆ ಮುಗಿದಾಗ ಏಳೂವರೆ ಆಗಿತ್ತು.

*

ಬಾಯವ್ವ ಹನ್ನೊಂದರ ಬಸ್ಸಿಗೆ ಬಂದಳು. ಎಪ್ಪತ್ತು ದಾಟಿದ ಜೀವ. ನಿಲ್ದಾಣದಿಂದ ಒಬ್ಬಳೇ ನಡೆದು ಬಂದಿದ್ದಳು. ಬಗಲಲ್ಲಿ ಒಂದು ಕೈಚೀಲ. ಹೊಸ್ತಿಲು ದಾಟುವವರೆಗೆ ಗಟ್ಟಿಯಾಗಿದ್ದವಳು ಅಣ್ಣನ ಪಾಲಿಶ್ ಮಾಡಿದ ಬೂಟು ಕಂಡದ್ದೇ ಕುಸಿದು, ಅವನ ಕಾಲು ತಬ್ಬಿಕೊಂಡು ಅತ್ತಳು.

“ಸಮುವೇಲಣ್ಣಾ, ನನ್ನ ಬಿಟ್ಟು ಹೊಂಟೇನೋ ಸಮುವೇಲಣ್ಣಾ. ನಿನ್ನ ಹೆಸರ ನಾ ಕಳದೆನಲ್ಲೋ ಯಪ್ಪಾ.”

ಸುತ್ತ ಅಳುತ್ತಿದ್ದ ಹೆಂಗಸರು ತಟ್ಟನೆ ಸುಮ್ಮನಾದರು. ನೆರೆಮನೆಯ ಚನ್ನವ್ವ ಪಕ್ಕದವಳ ಕಡೆ ಬಾಗಿ, “ಮುದುಕಿ ಮನಿ ತಪ್ಪಿ ಬಂದಾಳ ಕಾಣತೈತಿ” ಎಂದಳು. ಪಿಸುಮಾತು ಎಂದುಕೊಂಡಿದ್ದಳು, ಓಣಿಗೆಲ್ಲ ಕೇಳಿಸಿತು.

ಜಯಶೀಲ ಅತ್ತೆಯ ತೋಳು ಹಿಡಿದ. ಇಷ್ಟು ವರ್ಷ ಆಕೆ ಅಪ್ಪನನ್ನು ‘ಸಣ್ಣಣ್ಣ’ ಎಂದೇ ಕರೆದದ್ದು. ಅಪ್ಪನಿಗಿಂತ ಹಿರಿಯ ಅಣ್ಣನೊಬ್ಬ ಇದ್ದು, ಸಣ್ಣ ವಯಸ್ಸಿಗೇ ವಿಷಮಜ್ವರ ಬಂದು ತೀರಿಕೊಂಡನೆಂದು ಅವನು ಕೇಳಿದ್ದ. ಅಪ್ಪ ಪ್ರತಿ ಕ್ರಿಸ್ಮಸ್ಸಿಗೆ ರಾಮದುರ್ಗಕ್ಕೆ ಹೋಗಿ, ಹೊಳೆದಂಡೆಯ ಸ್ಮಶಾನದಲ್ಲಿ ಆ ಅಣ್ಣನ ಹೆಸರಿಲ್ಲದ ಮಣ್ಣಿನ ದಿಬ್ಬಕ್ಕೆ ಹೂವಿಟ್ಟು ಬರುತ್ತಿದ್ದ.

“ಅತ್ತೀ, ಸಮುವೇಲ ಯಾರು? ಅಪ್ಪನ ಹೆಸರು ಯಾಕೋಬಪ್ಪ.”

ಬಾಯವ್ವ ರೂತವ್ವನ ಮುಖ ನೋಡಿದಳು. “ವೈನೀ, ಇನ್ನಾ ಹೇಳಿಲ್ಲೇನು?”

ರೂತವ್ವ ತಲೆ ಅಲ್ಲಾಡಿಸಿದಳು.

ಬಾಯವ್ವ ಕಣ್ಣೊರೆಸಿಕೊಂಡು ಕೈಚೀಲಕ್ಕೆ ಕೈಹಾಕಿದಳು. ಸಕ್ಕರೆಯ ಪ್ಲಾಸ್ಟಿಕ್ಕು, ಅದರೊಳಗೆ ಹಳೆಯ ಸೆರಗಿನ ತುಂಡು, ಅದರೊಳಗೆ ನಾಲ್ಕು ಮಡಿಕೆಯ ಕಾಗದ. ಮಡಿಕೆಯ ಗೆರೆಗಳು ಹರಿದು ಹೋಗಿದ್ದವು. ಜಯಶೀಲ ಅದನ್ನು ಅಂಗೈ ಮೇಲೆ ಇಟ್ಟುಕೊಂಡೇ ಓದಿದ. ದೀಕ್ಷಾಸ್ನಾನದ ಪತ್ರ. ಹೆಸರು ಸಮುವೇಲ, ಅಪ್ಪ ತಿಂಗಳಿಗೊಮ್ಮೆ ಓದುತ್ತಿದ್ದ ಪಾಠದ ಹುಡುಗನ ಹೆಸರೇ. ಹುಟ್ಟಿದ್ದು ಸಾವಿರದ ಒಂಬೈನೂರ ನಲವತ್ತೇಳು. ಕೆಳಗೆ ಅಜ್ಜ ಅಜ್ಜಿಯ ಹೆಸರು.

“ಇದು ನಿಮ್ಮಪ್ಪಂದು” ಎಂದಳು ಬಾಯವ್ವ. “ಯಾಕೋಬ ನಮ್ಮ ದೊಡ್ಡಣ್ಣ. ತಪ್ಪು ನಂದಪ್ಪಾ. ನಿಮ್ಮಪ್ಪಂದಲ್ಲ.”

*

ಅರವತ್ತಮೂರನೆಯ ಇಸವಿ. ಚೀನಾದ ಯುದ್ಧ ಮುಗಿದಿತ್ತು, ಬೆಳಗಾವಿಯಲ್ಲಿ ಭರ್ತಿ ನಡೆದಿತ್ತು. ಹದಿನಾರರ ಸಮುವೇಲ ನೋಡಲು ಇಪ್ಪತ್ತರವನಂತಿದ್ದ. ಎದೆ ಅಳೆದರೆ ಸಾಕು, ಕಾಗದ ಯಾರು ಓದುತ್ತಾರೆ ಎಂಬುದು ಅವನ ಲೆಕ್ಕ. ಆದರೆ ಕಾಗದವಿಲ್ಲದೆ ಗೇಟಿನೊಳಗೇ ಬಿಡುವುದಿಲ್ಲ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಬಸ್ಸು ಹೊರಡುವುದರಲ್ಲಿತ್ತು. ಅವ್ವ ಹೊಲಕ್ಕೆ ಹೋಗಿದ್ದಳು. ಕಳಿಸಲು ಬಂದಿದ್ದ ಒಂಬತ್ತು ವರ್ಷದ ತಂಗಿಗೆ, “ಬಾಯೀ, ಓಡು, ಟ್ರಂಕಿನ್ಯಾಗ ಅರಿವ್ಯಾಗ ಸುತ್ತಿಟ್ಟ ಕಾಗದ ತಾ” ಎಂದ.

ಬಾಯಿ ಓಡಿದಳು. ಟ್ರಂಕು ತೆಗೆದಳು. ಬಟ್ಟೆಯೊಳಗೆ ಕಾಗದ ಎರಡಿದ್ದವು, ಇಬ್ಬರು ಅಣ್ಣಂದಿರವು. ಹಿಂದಿನ ವರ್ಷ ದೊಡ್ಡಣ್ಣ ಸತ್ತಾಗಿನಿಂದ, ಓದಲು ಬಾರದ ಅವ್ವ ದಿನಾ ಅವನ ಕಾಗದ ತೆಗೆದು, ಮಗುವಿನ ಬೆನ್ನು ಸವರಿದ ಹಾಗೆ ಸವರಿ, ಒಳಗಿಡುತ್ತಿದ್ದಳು. ಅದಕ್ಕೇ ಅವನದು ಮೇಲಿತ್ತು. ಬಾಯಿಗೆ ಕನ್ನಡ ಓದಲು ಬರುತ್ತಿತ್ತು. ಆದರೆ ಹೊರಗೆ ಬಸ್ಸಿನ ಹಾರ್ನು ಕೇಳುತ್ತಿತ್ತು. ಮೇಲಿದ್ದುದನ್ನು ಹಿಡಿದು ಓಡಿದಳು.

ಬೆಳಗಾವಿಯ ಮೈದಾನದಲ್ಲಿ ಸಮುವೇಲನ ಹಿಂದೆ ನೇಸರಗಿಯ ಹುಡುಗನೊಬ್ಬ ನಿಂತಿದ್ದ, ಮಹಮ್ಮದಗೌಸ. ಎತ್ತರ ಆಯಿತು, ಎದೆ ಆಯಿತು. ಮೇಜಿನ ಹಿಂದಿನ ಕಾರಕೂನ ಕಾಗದ ಬಿಚ್ಚಿ ಜೋರಾಗಿ ಓದಿದ, “ಯಾಕೋಬ. ಉಮರ್ ಉನ್ನೀಸ್, ಹತ್ತೊಂಬತ್ತು.”

ಸಮುವೇಲ ಬಾಯಿ ತೆರೆದ. ಇಲ್ಲ ಎಂದರೆ ಅದೇ ಬಸ್ಸಿಗೆ ವಾಪಸ್ಸು. ಮನೆಯಲ್ಲಿ ಅಪ್ಪನಿಲ್ಲ, ಅಣ್ಣನಿಲ್ಲ. ಕಾರಕೂನ ಮುಖವೆತ್ತಿ ನೋಡಿದ.

“ಜೀ ಸಾಹೇಬ್” ಎಂದ ಹುಡುಗ.

ಹಿಂದಿದ್ದ ಗೌಸ ಅವನ ಹೆಗಲು ತಟ್ಟಿ, “ಶಾಬಾಸ್ ಯಾಕೋಬ” ಎಂದ. ಆ ಹೆಸರಿನಲ್ಲಿ ಅವನನ್ನು ಮೊದಲು ಕರೆದವನು ಅವನೇ.

*

“ಅವತ್ತ ಸಂಜೀಕ ಅವ್ವ ಟ್ರಂಕ್ ತಗದ್ಲು” ಎಂದಳು ಬಾಯವ್ವ. “ಉಳದ ಕಾಗದ ನನ್ನ ಕೈಲೆ ಓದಸಿದ್ಲು. ಬೈಲಿಲ್ಲ, ಬಡೀಲಿಲ್ಲ. ಮಗನ್ನ ಮಣ್ಣಿಗೆ ಕೊಟ್ಟೆ, ಅವನ ಹೆಸರ ಫೌಜಿಗೆ ಕೊಟ್ಟೆ ಅಂದ್ಲು. ಬೈದಿದ್ರ ಛಲೋ ಇತ್ತು.”

ಆಗಲೇ ಬಂದಿದ್ದ ಪಾಸ್ಟರ್ ಕನ್ನಡಕ ತೆಗೆದು ಒರೆಸುತ್ತಿದ್ದರು. ಗೌಸ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಜಯಶೀಲನ ಮುಖ ಕೆಂಪಾಗಿತ್ತು. ದುಃಖಕ್ಕಿಂತ ಮೊದಲು ಅವನಿಗೆ ಸಿಟ್ಟು ಬಂದಿತ್ತು.

“ನಾನು ಆರನೇ ಇಯತ್ತೆಯೊಳಗ ಇದ್ದಾಗ ಮಾರ್ಕಿನ ಹಾಳಿ ಮ್ಯಾಲೆ ಅಪ್ಪನ ಸಹಿ ನಾನ ಮಾಡಿದ್ದೆ. ಒಂದು ಸುಳ್ಳು. ಅದಕ್ಕ ಮಧ್ಯಾಹ್ನ ಪೂರ್ತಿ ಮೊಣಕಾಲೂರಿ ನಿಲ್ಲಿಸಿದ್ರು. ದೇವರ ಮುಂದ ಸುಳ್ಳ ನಡಿಯಂಗಿಲ್ಲ ಅಂದಿದ್ರು. ಆ ಸಹಿನೂ ಅವರದಲ್ಲ ಅಂತ ಈಗ ಹೇಳತೀರಿ.”

“ಜಯಾ…” ಎಂದಳು ರೂತವ್ವ.

“ಸಂಘದವರು ಬರತಾರ. ಇಡೀ ಊರ ಬರತೈತಿ. ಶಿಲುಬಿ ಮ್ಯಾಲೆ ಬ್ಯಾರೆ ಹೆಸರ ನೋಡಿ ಏನಂತಾರ? ಹವಾಲ್ದಾರ ಸರಕಾರಕ್ಕ ಮೋಸ ಮಾಡಿದಾ ಅಂತಾರ. ಅವರು ಹೋದ ದಿನಾನ ಅವರ ಮಾನಾ ಕಳೀಲೇನು? ನಾ ಒಪ್ಪಂಗಿಲ್ಲ. ಗೌಸ ಕಾಕಾ, ಮುಂದಿನ ಅಕ್ಷರ ಬರೀರಿ.”

ಗೌಸ ಅಲುಗಾಡಲಿಲ್ಲ. “ಮೋಸ ಅಂತೀ ಏನು?” ಎಂದ. “ಯುದ್ಧದಾಗ ನೆಲದಾಗ ಹುಗದಿಟ್ಟ ಬಾಂಬಿನ ಮ್ಯಾಲೆ ಕಾಲಿಟ್ಟಾವ ನಾನು. ಒಂದೂವರಿ ಮೈಲಿ ಬೆನ್ನ ಮ್ಯಾಲೆ ಹೊತ್ತು ತಂದಾವ ನಿಮ್ಮಪ್ಪ. ದಾರಿ ತುಂಬ ಪ್ರಾರ್ಥನಾ ಮಾಡಕೋತ ಬಂದ. ನನಗ ಸಾಯೂದಕ್ಕಿಂತ ಅದರದ ಕಾಟ ಜಾಸ್ತಿ ಆತು. ಹೊತ್ತಾವ ಯಾರು ಅಂತ ನಾ ಕಾಗದ ಕೇಳಲಿಲ್ಲ. ಇವತ್ತ ಗೊತ್ತಾತು, ಸಮುವೇಲ ಅಂತ. ಸಿಟ್ಟ ಬರಬೇಕಾದ್ದು ನನಗ. ಅರವತ್ತು ವರ್ಷ ದೋಸ್ತನ್ನ ತಪ್ಪು ಹೆಸರಿನಿಂದ ಕರದೇನಿ, ಒಮ್ಮೆರ ಹೇಳಬೇಕಿಲ್ಲ?”

ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ರೂತವ್ವ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಎರಡು ಸಲ ಕಾಗದ ತಗೊಂಡು ಬೆಳಗಾವಿಗೆ ಹೋಗಿದ್ರು. ಫೌಜಿನ ಗೇಟಿನ ತನಕಾ ಹೋಗಿ ತಿರುಗಿ ಬಂದ್ರು. ಖರೆ ಹೇಳಿದ್ರ ನೌಕರಿ ಸುಳ್ಳಾಗತೈತಿ, ಮಕ್ಕಳು ಉಂಡ ಅನ್ನ ಸುಳ್ಳಾಗತೈತಿ ಅಂತಿದ್ರು. ಫೌಜ್ ಬಿಟ್ಟು ಬಂದ ದಿನಾ ನನಗ ಏನಂದ್ರು ಗೊತ್ತೇನು? ಕಂಬಳಿ ಜಮಾ ಮಾಡಿದೆ, ಚಹಾದ ಮಗ್ ಜಮಾ ಮಾಡಿದೆ, ಬೂಟ್ ಜಮಾ ಮಾಡಿದೆ, ಅಣ್ಣನ ಕಡೆ ತಗೊಂಡದ್ದು ಒಂದು ಉಳೀತು ಅಂದ್ರು. ನೀ ಅವತ್ತ ಸಹಿ ಮಾಡಿದೆಲಾ, ನಿನ್ನ ಇಲ್ಲಿ ಮೊಣಕಾಲೂರಿ ನಿಲ್ಲಿಸಿ ತಾವೆಲ್ಲಿ ಹೋಗಿದ್ರು?”

“ಗೋದಾಮಿಗೆ.”

“ಹಿತ್ತಲದಾಗ ಇದ್ರು. ಒಗಿಯೂ ಕಲ್ಲಿನ ಹಿಂದ, ಬಿಸಲಾಗ, ಮೊಣಕಾಲೂರಿ. ನೀ ಎದ್ದಿ ಅಂತ ನಾ ಹೋಗಿ ಹೇಳಿದ ಮ್ಯಾಲೆ ಎದ್ರು.”

ಜಯಶೀಲ ಅಪ್ಪನ ಕಡೆ ನೋಡಿದ. ಇಸ್ತ್ರಿಯ ಪ್ಯಾಂಟಿನ ಮೊಣಕಾಲಿನ ಮೇಲೆ ಯಾರೋ ಇಟ್ಟ ಸೇವಂತಿಗೆ ಜಾರಿ ಬಿದ್ದಿತ್ತು. ಅದನ್ನೆತ್ತಿ ಮತ್ತೆ ಅಲ್ಲೇ ಇಟ್ಟ. ಆಮೇಲೆ ಬಹಳ ಹೊತ್ತು ಅತ್ತ. ಬೆಳಗಿನಿಂದ ಫೋನು ಹಿಡಿದು ಓಡಾಡುತ್ತ ಅವನು ಅತ್ತೇ ಇರಲಿಲ್ಲ.

“ಅವ್ವನ ಪೆನ್ಶನ್ನಿನ ಕಾಗದಕ್ಕ ತ್ರಾಸ ಆಗಂಗಿಲ್ಲೇನ್ರಿ?” ಎಂದು ಕೊನೆಗೆ ಪಾಸ್ಟರನ್ನು ಕೇಳಿದ.

“ಸರಕಾರದ ಕಾಗದದಾಗ ಏನೈತಿ ಅದು ಇರಲಿ. ಅದನ್ನ ಮುಂದ ನಿಮ್ಮವರು, ವಕೀಲರು ಕುಂತು ನೋಡ್ರಿ” ಎಂದರು ಪಾಸ್ಟರ್. “ಚರ್ಚಿನ ಪುಸ್ತಕದಾಗ ನಾ ಎರಡೂ ಬರೀತೇನಿ. ಯಾಕೋಬಪ್ಪನೆಂದು ಕರೆಯಿಸಿಕೊಂಡ ಸಮುವೇಲಪ್ಪ, ಅಂತ. ಇದರಾಗ ಸುಳ್ಳು ಒಂದಕ್ಷರ ಇಲ್ಲ.”

ಜಯಶೀಲ ಎದ್ದು ಹೊರಗೆ ಬಂದ. ಗೋಡೆಗೆ ಒರಗಿಸಿದ್ದ ಶಿಲುಬೆಯನ್ನು ನೋಡಿದ.

“ಕಾಕಾ, ಇನ್ನೊಂದಕ್ಕ ಹಲಗಿ ಐತೇನು?”

“ಪೆಟಿಗಿದು ಉಳದೈತಿ” ಎಂದ ಗೌಸ. “ಇದನ್ನ ಕೆರದು ಬಿಡ್ಲೇನು?”

“ಬ್ಯಾಡ್ರಿ” ಎಂದಳು ಒಳಗಿನಿಂದ ಬಾಯವ್ವ. “ಅದು ನನಗ ಬೇಕು, ದೊಡ್ಡಣ್ಣನ ದಿಬ್ಬಕ್ಕ. ಅಷ್ಟಕ್ಕ ನಿಂತದ್ದು ಛಲೋ ಆತು. ಅವ ಯಾಕೋಬಪ್ಪ ಆಗೂ ವಯಸ್ಸಿಗೆ ಬರಲೇ ಇಲ್ಲ. ಹದಿನೆಂಟಕ್ಕ ಹೋದ.”

*

ಸ್ಮಶಾನದ ಸುತ್ತ ಬಿಡಿಸಿ ಮುಗಿದ ಹತ್ತಿಯ ಹೊಲ. ಸಂಘದ ಆರು ಮುದುಕರು ಎದೆಯುಬ್ಬಿಸಿ ಸಲಾಮು ಹೊಡೆದರು. ಹೊಸ ಶಿಲುಬೆಯ ಹೆಸರು ಓದಿ ಅವರಲ್ಲೊಬ್ಬ, ಅಂದಾನೆಪ್ಪ, ಗೌಸನ ಕಡೆ ಹುಬ್ಬು ಹಾರಿಸಿದ. ಗೌಸ ಅವನ ಕಿವಿಯಲ್ಲಿ ಎರಡು ಮಾತು ಹೇಳಿದ. ಅಂದಾನೆಪ್ಪ ತನ್ನ ಜನ್ಮತಾರೀಖನ್ನೂ ಸಾಲೆಯ ಮಾಸ್ತರರೇ ಮನಸ್ಸಿಗೆ ಬಂದಂತೆ ಬರೆದದ್ದನ್ನು ನೆನೆದನೋ ಏನೋ, ಮತ್ತೊಮ್ಮೆ ಸಲಾಮು ಹೊಡೆದ.

ಪೆಟ್ಟಿಗೆ ಇಳಿಯಿತು. ಪಾಸ್ಟರ್ ಪ್ರಾರ್ಥನೆ ಮುಗಿಸಿ, ಹೆಸರು ಹೇಳಿ ಒಪ್ಪಿಸಬೇಕಾದ ಕಡೆ ನಿಂತು ರೂತವ್ವನ ಕಡೆ ನೋಡಿದರು. ರೂತವ್ವ ಸೆರಗು ಹೊದ್ದು ಮುಂದೆ ಬಂದಳು. ಗಂಡನ ಹೆಸರು ಹೇಳುವ ರೂಢಿ ಆಕೆಗಿರಲಿಲ್ಲ. ಮದುವೆಯಲ್ಲಿ ಒಮ್ಮೆ ಹೇಳಿದ್ದಳು, ಅದೂ ಭಾವನ ಹೆಸರು. ಸಂಜೆ ಏಳರ ಪ್ರಾರ್ಥನೆಗೆ ಗಂಡ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತಳು.

“ಸಮುವೇಲಪ್ಪ” ಎಂದು ಕರೆದಳು.

ಮಧ್ಯಾಹ್ನ ಗಂಡನ ಮನೆಯಿಂದ ಬಂದಿದ್ದ ಮಗಳು ಕರುಣಾ ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದಳು.

“ಸಮುವೇಲಪ್ಪ.”

ಬಾಯವ್ವ ಕಣ್ಣು ಮುಚ್ಚಿದ್ದಳು.

“ಸಮುವೇಲಪ್ಪ” ಎಂದಳು ರೂತವ್ವ ಮೂರನೆಯ ಸಲ. ಈ ಸಲ ಅದರಲ್ಲಿ ಹೆಂಡತಿಯ ಸಲಿಗೆ ಬಂದಿತ್ತು, ಊಟಕ್ಕೆ ಕರೆದ ಹಾಗೆ.

“ಹಾಜರ್” ಎಂದ ಜಯಶೀಲ. ದನಿ ಅವನ ಅಪ್ಪನದೇ ಆಗಿತ್ತು.

ಮಣ್ಣು ಬೀಳತೊಡಗಿತು.

*

ಐದೂವರೆಯ ರಾಮದುರ್ಗದ ಬಸ್ಸು ತುಂಬಿತ್ತು. ಇವತ್ತೊಂದು ದಿನ ಇರು ಎಂದು ರೂತವ್ವ ಅಂಗಲಾಚಿದರೂ ಬಾಯವ್ವ ಕೇಳಲಿಲ್ಲ; ನಾಳೆ ಬೆಳಿಗ್ಗೆ ಹೊಳೆದಂಡೆಗೆ ಹೋಗಲೇಬೇಕು ಎಂದಳು. ಜಯಶೀಲ ಆಕೆಯನ್ನು ಕಿಟಕಿಯ ಬಳಿ ಕೂರಿಸಿ, ಗೌಸನ ಕೈಯಿಂದ ಮೊದಲಿನ ಶಿಲುಬೆಯನ್ನು ತೆಗೆದುಕೊಂಡು ಆಕೆಯ ತೊಡೆಯ ಮೇಲಿಟ್ಟ. ಹೆಸರಿನ ಕೆಳಗೆ ಗೌಸ ಈಗಷ್ಟೇ ಎರಡು ಇಸವಿ ಬರೆದಿದ್ದ. ಹುಟ್ಟಿದ್ದು ನಲವತ್ತನಾಲ್ಕು, ತೀರಿದ್ದು ಅರವತ್ತೆರಡು.

“ಹಸಿ ಐತಿ ಬಾಯವ್ವ, ಸೀರಿಗೆ ಹತ್ತೀತು” ಎಂದ ಗೌಸ ಕೆಳಗಿನಿಂದ.

ಸವದತ್ತಿಯ ದಾರಿ ಹಿಡಿದ ಮೇಲೆ ಕಂಡಕ್ಟರ್ ಬಂದ. ಶಿಲುಬೆಯ ಒಂದು ತೋಳು ಪಕ್ಕದ ಸೀಟಿನವನ ಎದೆಗೆ ತಾಗುತ್ತಿತ್ತು.

“ಅಜ್ಜೀ, ಲಗೇಜ್ ಮ್ಯಾಲೆ ಇಡ್ರಿ.”

“ಲಗೇಜ್ ಅಲ್ಲಪ್ಪಾ. ನಮ್ಮ ದೊಡ್ಡಣ್ಣ. ಬಾಳ ದಿನದ ಮ್ಯಾಲೆ ಊರಿಗೆ ಹೊಂಟಾನ.”

ಕಂಡಕ್ಟರ್ ಹೆಸರು ಓದಿದ, ಇಸವಿ ಓದಿದ. ಟಿಕೀಟು ಒಂದನ್ನೇ ಹರಿದು ಕೊಟ್ಟು ಮುಂದಕ್ಕೆ ಹೋದ. ಬಾಯವ್ವ ಟಿಕೀಟನ್ನು ಕುಪ್ಪಸದೊಳಗಿಟ್ಟುಕೊಂಡು, ಮಲಗಿದ ಮಗುವಿನ ಬೆನ್ನಿನ ಮೇಲೆ ಇಡುವ ಹಾಗೆ ಹಲಗೆಯ ಮೇಲೆ ಅಂಗೈಯಿಟ್ಟಳು. ಬಿಳಿ ಬಣ್ಣ ಹೆಬ್ಬೆರಳಿಗೆ ಹತ್ತಿತು. ಅವಳು ಒರೆಸಿಕೊಳ್ಳಲಿಲ್ಲ.